ಬಾಗಿಲು ಬರೆದಿಟ್ಟ ಸಮಯ

ಯಜಮಾನ ಮೇಜಿನ ಕೆಳಗೆ ಬೋರಲು ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ರಕ್ತ ಮೆತ್ತಿದ ಹಳೆಯ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲೇ ಉರುಳಿತ್ತು.

ಹವ್ಯಾಸಿಗಳ ಅಂಗೈಯಗಲದ ಕಂಪ್ಯೂಟರಿನ ಮೇಲೆ ಸಿಕ್ಕಿಸುವ ಪುಟ್ಟ ಬೋರ್ಡುಗಳನ್ನು ತಯಾರಿಸುವ ಕೋಣೆ ಅದು. ಫ್ಯಾನಿನದು, ಬ್ಯಾಟರಿಯದು, ಕ್ಯಾಮೆರಾದ್ದು. ಗೋಡೆ ತುಂಬ ಡಬ್ಬಿಗಳು. ಮೂಗಿಗೆ ಬಡಿಯುವ ಬೆಸುಗೆಯ ವಾಸನೆ.

ಹೆಣ ಕಂಡು ಪೊಲೀಸರಿಗೆ ಫೋನ್ ಮಾಡಿದವನು ಸತ್ತವನ ತಮ್ಮ. ಆಗ ನಾಲ್ಕು ನಲವತ್ತು. ಇನ್‌ಸ್ಪೆಕ್ಟರಮ್ಮ ಈಗ ಅವನನ್ನೇ ಗೋಡೆಗೆ ಒತ್ತಿ ನಿಲ್ಲಿಸಿದ್ದಳು.

"ಎಷ್ಟೊತ್ತಿಗೆ ಬಂದೆ?"

"ನಾಲ್ಕು ಮೂವತ್ತೈದು. ದಿನಾ ಬರೋದೇ ಆ ಹೊತ್ತಿಗೆ."

"ಸುಳ್ಳು."

ಬಾಗಿಲ ಪಕ್ಕದ ಪೆಟ್ಟಿಗೆಯಲ್ಲೂ ಅಂಥದೇ ಒಂದು ಕಂಪ್ಯೂಟರ್ ಇತ್ತು. ಕಾರ್ಡ್ ತೋರಿಸಿದರಷ್ಟೇ ಬೀಗ ತೆರೆಯುತ್ತದೆ. ಯಾರು ಯಾವಾಗ ಬಂದರು, ಯಾವಾಗ ಹೋದರು, ಎಲ್ಲ ದಾಖಲಾಗುತ್ತದೆ. ತಮ್ಮನ ಕಾರ್ಡಿನ ಮುಂದೆ ಮೂರೂಕಾಲು ಎಂದಿತ್ತು. ಮೂರು ಇಪ್ಪತ್ತಕ್ಕೆ ಯಜಮಾನ ಗಿರಾಕಿಯೊಬ್ಬನ ಜೊತೆ ಫೋನಿನಲ್ಲಿದ್ದ. ಮಾತಿನ ನಡುವೆಯೇ ಚೀರಿದ್ದನ್ನು ಗಿರಾಕಿ ಕೇಳಿದ್ದ.

"ಕೊಂದು ಒಂದು ಗಂಟೆಗೂ ಮಿಕ್ಕಿ ಹೆಣದ ಜೊತೆ ಏನು ಮಾಡ್ತಿದ್ದೆ? ಹರಟೆನಾ?"

"ನಾನು ಕೊಂದಿಲ್ಲ!"

"ಜಗಳ ಇತ್ತಾ?"

"ಇತ್ತು. ಯಾರ ಮನೇಲಿಲ್ಲ? ನಿಮ್ಮ ಮನೇಲಿಲ್ವಾ?"

ಯಜಮಾನನ ಪಾಲುದಾರ ಬಾಗಿಲಲ್ಲೇ ನಿಂತು ಉರಿಗೆ ತುಪ್ಪ ಸುರಿದ. "ಇಬ್ಬರೂ ಎಣ್ಣೆ ಸೀಗೆಕಾಯಿ, ಮೇಡಂ. ನಾನು ಊಟಕ್ಕೆ ಹೋಗಿ ಒಂದೂ ಐವತ್ತಕ್ಕೆ ಮತ್ತೆ ಬಂದು ಹದಿನೈದು ನಿಮಿಷದಲ್ಲಿ ಹೊರಟೆ. ಬೇಕಾದ್ರೆ ನೋಡ್ಕೊಳ್ಳಿ. ಮನುಷ್ಯರು ಸುಳ್ಳು ಹೇಳ್ತಾರೆ, ಯಂತ್ರ ಹೇಳಲ್ಲ."

ದಾಖಲೆ ಅವನ ಮಾತಿಗೆ ತಾಳೆಯಾಯಿತು. ತಮ್ಮನ ಕೈಗೆ ಬೇಡಿ ಬಿತ್ತು.

* * *

ಯಜಮಾನನ ಮನೆ ಹಿಂದಿನ ಬೀದಿಯಲ್ಲೇ. ಹೆಂಡತಿಯ ಕಣ್ಣಲ್ಲಿ ನೀರಿರಲಿಲ್ಲ, ಕೆಂಡವಿತ್ತು.

"ನಿಮ್ಮ ಮೈದುನನನ್ನ ಹಿಡಿದಿದ್ದೀವಿ," ಎಂದಳು ಇನ್‌ಸ್ಪೆಕ್ಟರ್.

"ಹಾಳಾಗಿ ಹೋಗ್ಲಿ ಅವನು! ಎತ್ತಿ ಆಡಿಸಿದ ಕೈ ಇದು."

"ಯಜಮಾನರಿಗೆ ಬೇರೆ ಏನಾದರೂ ಚಿಂತೆ ಇತ್ತಾ?"

"ಇವರ ಬ್ಯಾಟರಿ ಬೋರ್ಡ್ ಕಾದು ಯಾರದೋ ಮನೆ ಪರದೆಗೆ ಬೆಂಕಿ ಹತ್ತಿತಂತೆ. ಮಾರಿದ್ದೆಲ್ಲ ವಾಪಸ್ ಕರೆಸ್ತೀನಿ, ತಪ್ಪು ಯಾರದು ಅಂತಾನೂ ಹೇಳ್ತೀನಿ ಅಂತ ನಿನ್ನೆಯಿಂದ ಹಟ. ಊಟನೂ ಸರಿಯಾಗಿ ಮಾಡ್ಲಿಲ್ಲ. ಒಂದೂವರೆಗೆ ಬಲವಂತವಾಗಿ ಮಾತ್ರೆ ನುಂಗಿಸಿದೆ. ಹತ್ತು ನಿಮಿಷ ಕೂತು ಎದ್ದು ಹೋದ್ರು."

ಇನ್‌ಸ್ಪೆಕ್ಟರ್ ಟಿಪ್ಪಣಿ ಪುಸ್ತಕ ತೆರೆದಳು. ಯಜಮಾನ ಊಟ ಮುಗಿಸಿ ಕೋಣೆಗೆ ಮರಳಿದ್ದು ಹನ್ನೆರಡು ಇಪ್ಪತ್ತೈದಕ್ಕೆ ಎಂದು ದಾಖಲೆ ಹೇಳಿತ್ತು.

ಕೋಣೆಯೊಳಗಿದ್ದವನು ಒಂದೂವರೆಗೆ ಮನೆಯಲ್ಲಿ ಮಾತ್ರೆ ನುಂಗುವುದು ಹೇಗೆ?

* * *

ಪೊಲೀಸರು ಬಂದಾಗಿನಿಂದ ಬಾಗಿಲು ಮುಚ್ಚದಂತೆ ಕುರ್ಚಿ ಒತ್ತಿ ಇಡಲಾಗಿತ್ತು. ಆಮೇಲೆ ಯಾರೂ ಕಾರ್ಡ್ ಬಳಸಿರಲಿಲ್ಲ. ಕುರ್ಚಿ ಸರಿಸಿ ಬಾಗಿಲು ಮುಚ್ಚಿಸಿದಳು. ಸರಿಯಾಗಿ ಆರು ಗಂಟೆಗೆ ಕಾನ್‌ಸ್ಟೆಬಲ್ ಸತ್ತವನ ಕಾರ್ಡ್ ತೋರಿಸಿದ.

ದಾಖಲಾದದ್ದು ನಾಲ್ಕು ನಲವತ್ತು.

ಪೆಟ್ಟಿಗೆ ಬಿಚ್ಚಿಸಿ ತಮ್ಮನನ್ನು ಎಳೆತರಿಸಿದಳು. ಸಾಲುಗಟ್ಟಿದ ಪಿನ್ನುಗಳ ಮೇಲೆಲ್ಲ ಧೂಳು. ಮೂಲೆಯ ಐದು ಮಾತ್ರ ಫಳಫಳ.

"ಇಲ್ಲಿ ಏನಿತ್ತು?"

"ಗಡಿಯಾರದ ಬೋರ್ಡು! ಎಲ್ಲಿ ಹೋಯ್ತು?" ತಮ್ಮ ಬೆಚ್ಚಿದ. "ಈ ಕಂಪ್ಯೂಟರಿಗೆ ಸ್ವಂತ ಗಡಿಯಾರ ಇಲ್ಲ. ಇದಕ್ಕೆ ನೆಟ್ಟೂ ಇಲ್ಲ. ಕರೆಂಟ್ ಹೋದಾಗ ಎಲ್ಲಿ ನಿಂತಿತ್ತೋ, ಬಂದಮೇಲೆ ಅಲ್ಲಿಂದಲೇ ಎಣಿಸುತ್ತೆ. ಅದಕ್ಕೇ ಅಣ್ಣ ಸೆಲ್ ಇರೋ ಬೋರ್ಡ್ ಸಿಕ್ಕಿಸಿದ್ದ."

ಇನ್‌ಸ್ಪೆಕ್ಟರ್ ಇನ್ನೂ ಬಾಗಿಲ ಬಳಿಯೇ ನಿಂತಿದ್ದ ಪಾಲುದಾರನತ್ತ ತಿರುಗಿದಳು.

"ಯಜಮಾನರು ಊಟಕ್ಕೆ ಹೋದಾಗ ಇಲ್ಲಿ ಇದ್ದವನು ನೀನೊಬ್ಬನೇ, ದಾಖಲೆಯಲ್ಲೇ ಇದೆ. ಬೋರ್ಡ್ ಕಿತ್ತು ಎಂಬತ್ತು ನಿಮಿಷ ಕರೆಂಟ್ ತೆಗೆದೆ. ಅವರು ಬರೋ ಮುಂಚೆ ಹಾಕಿ ಹೊರಟೆ. ಅಲ್ಲಿಂದ ಈಚೆಗಿನ ಪ್ರತಿ ಸಮಯವೂ ಎಂಬತ್ತು ನಿಮಿಷ ಹಿಂದೆ. ಈಗ ಕೂಡಿಸಿ ನೋಡು. ಯಜಮಾನರು ಬಂದಿದ್ದು ಒಂದೂ ಮುಕ್ಕಾಲಿಗೆ, ಹೆಂಡತಿ ಹೇಳಿದ ಹಾಗೆ. ತಮ್ಮ ಬಂದಿದ್ದು ನಾಲ್ಕು ಮೂವತ್ತೈದಕ್ಕೆ, ಅವನು ಬಡಕೊಂಡ ಹಾಗೆ. ನೀನು ಬಂದಿದ್ದು ಮೂರು ಹತ್ತಕ್ಕೆ, ಹೋಗಿದ್ದು ಮೂರು ಇಪ್ಪತ್ತೈದಕ್ಕೆ. ಚೀರಿದ್ದು ಮೂರು ಇಪ್ಪತ್ತಕ್ಕೆ. ತಮ್ಮ ಬರೋ ಹೊತ್ತು ಲೆಕ್ಕ ಹಾಕಿಯೇ ಎಂಬತ್ತು ನಿಮಿಷ ಆರಿಸಿದೆ, ಅಲ್ವಾ?"

"ಕಟ್ಟುಕತೆ!"

"ಜೇಬು ತೋರಿಸು."

ಅವನು ಹಿಂದೆ ಸರಿದ. ಕಾನ್‌ಸ್ಟೆಬಲ್ ರಟ್ಟೆ ಹಿಡಿದು ಜೇಬಿಗೆ ಕೈ ಹಾಕಿದ. ಉಗುರಗಲದ ಬೋರ್ಡು ಹೊರಬಂತು. ಸೆಲ್ ಅದರಲ್ಲೇ ಇತ್ತು. ಸಂದು ಸಿಕ್ಕಿದರೆ ಮತ್ತೆ ಸಿಕ್ಕಿಸಿಬಿಡಬೇಕೆಂದೇ ಬಾಗಿಲು ಬಿಟ್ಟು ಕದಲದೆ ನಿಂತಿದ್ದ.

"ಹೌದು, ಬ್ಯಾಟರಿ ಬೋರ್ಡಿಗೆ ಆ ಕಳಪೆ ಚಿಪ್ ಹಾಕಿಸಿದ್ದು ನಾನೇ!" ಪಾಲುದಾರ ಹಲ್ಲು ಕಡಿದ. "ಊರಿಗೆಲ್ಲ ನನ್ನ ಹೆಸರು ಸಾರ್ತೀನಿ ಅಂದ. ಬಿಟ್ಟುಬಿಡಬೇಕಿತ್ತಾ?"

ಅವನನ್ನು ಜೀಪಿಗೆ ನೂಕಿದರು. ಇನ್‌ಸ್ಪೆಕ್ಟರ್ ತಾನೇ ತಮ್ಮನ ಬೇಡಿ ಬಿಚ್ಚಿದಳು. ಮಣಿಕಟ್ಟು ಕೆಂಪಗೆ ಕಂದಿತ್ತು.

"ನೀನಿನ್ನು ಮನೆಗೆ ಹೋಗಬಹುದು."

"ಯಾವ ಮುಖ ಹೊತ್ಕೊಂಡು?" ಅವನು ಮಣಿಕಟ್ಟು ಉಜ್ಜಿಕೊಂಡ. "ನಾನೇ ಕೊಂದೆ ಅಂತ ಅತ್ತಿಗೆಗೆ ಹೇಳಿದ್ದು ನೀವು. ಅಲ್ಲ ಅಂತಾನೂ ನೀವೇ ಬಂದು ಹೇಳಿ."

ಇನ್‌ಸ್ಪೆಕ್ಟರ್ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಅವನ ಹಿಂದೆ ನಡೆದಳು.