ತೂತು ಬೀಳದ ದೀಪಗಳು

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಕಾರು ಕಾರ್ಖಾನೆಯ ಗೋದಾಮಿನ ಮ್ಯಾನೇಜರು ಕಂಕುಳಲ್ಲಿ ಒಂದು ಹೆಡ್‌ಲೈಟ್ ಅವುಚಿಕೊಂಡು ಠಾಣೆಗೆ ಬಂದರು. ಕಳ್ಳತನದ ದೂರು. ಕಳುವಾದ ಮಾಲು ದೂರುದಾರರ ಕಂಕುಳಲ್ಲೇ ಇದ್ದದ್ದು ಕಂಡು ದಫೇದಾರರಿಗೆ ನಗು ಬಂತು. ಇನ್‌ಸ್ಪೆಕ್ಟರ್ ದುರುಗುಟ್ಟಿದ ಮೇಲೆ ನುಂಗಿಕೊಂಡರು.

"ಇದೆಲ್ಲಿ ಸಿಕ್ತು?"

"ನಮ್ಮ ಸರ್ವೀಸ್ ಸೆಂಟರಿಗೆ ಬಂದ ಟ್ಯಾಕ್ಸಿಯಲ್ಲಿ ಸಾರ್. ಈ ನಂಬರಿನ ಲೈಟನ್ನ ನಾವು ನಾಶ ಮಾಡಿ ಎರಡು ತಿಂಗಳಾಯ್ತು."

"ನಾಶ ಮಾಡಿದ್ದು ಟ್ಯಾಕ್ಸಿಯಲ್ಲಿ ಉರೀತಿತ್ತಾ?"

"ಅದಕ್ಕೇ ಸಾರ್ ದೂರು."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಇನ್‌ಸ್ಪೆಕ್ಟರ್, ದಫೇದಾರರು ಇಬ್ಬರೂ ಗೋದಾಮಿಗೆ ಹೋದರು. ಸೂರಿನವರೆಗೂ ರಟ್ಟಿನ ಪೆಟ್ಟಿಗೆಗಳು. ಮೂಲೆಯಲ್ಲಿ ಒಂದು ಮೇಜು, ಡ್ರಿಲ್ ಯಂತ್ರ, ಎದುರಿಗೆ ಕ್ಯಾಮೆರಾ. ಅದರ ಮೇಲಿನ ಗೋಡೆಯಲ್ಲಿ 'ಮರುಬಳಕೆಯೇ ನಮ್ಮ ದಾರಿ' ಎಂಬ ದೊಡ್ಡ ಹಸಿರು ಫಲಕ.

ಈ ಲೈಟಿನ ಕಾರು ಈಗ ತಯಾರಾಗುವುದಿಲ್ಲ. ಅಂಗಡಿಗಳಲ್ಲಿ ಉಳಿದ ಲೈಟುಗಳು ಪೆಟ್ಟಿಗೆ ಸಮೇತ ವಾಪಸು ಬರುತ್ತವೆ. ಪ್ರತಿಯೊಂದಕ್ಕೂ ತೂತು ಹಾಕಿ, ಫೋಟೋ ತೆಗೆದು, ಕಸದ ಹಳ್ಳಕ್ಕೆ ಕಳಿಸುವುದು ಇಲ್ಲಿನ ಕೆಲಸ.

"ಹೊಸಾ ಲೈಟಿಗೆ ಯಾಕ್ರೀ ತೂತು?" ಇನ್‌ಸ್ಪೆಕ್ಟರ್ ಕೇಳಿದರು.

"ಹಳೇ ಗಾಡಿಗೆ ಲೈಟು ಸಿಕ್ರೆ ಹೊಸ ಗಾಡಿ ಯಾರು ತಗೋತಾರೆ ಅಂತ ಮಾರಾಟದೋರು ಕೇಳ್ತಾರೆ. ವಾಪಸ್ ಬಂದ ಮಾಲಿಗೆ ಗ್ಯಾರಂಟಿ ಕೊಡೋಕಾಗಲ್ಲ ಅಂತ ವಕೀಲರು ಪಟ್ಟು ಹಿಡಿದು ಕೂತಿದಾರೆ."

"ಕರಗಿಸಬಹುದಲ್ಲ?"

"ಪ್ಲಾಸ್ಟಿಕ್ಕು, ತಗಡು, ತಂತಿ ಎಲ್ಲಾ ಒಂದಕ್ಕೊಂದು ಅಂಟಿಸಿಬಿಟ್ಟಿದಾರೆ. ಬಿಡಿಸೋಕಾಗಲ್ಲ. ಗುಜರಿಯವನೂ ಬೇಡ ಅಂತಾನೆ."

"ಮತ್ತೆ ಗೋಡೆ ಮೇಲಿರೋದು?"

"ಅದು ಪ್ರಚಾರದೋರು ಹಾಕಿದ್ದು ಸಾರ್."

ಇನ್‌ಸ್ಪೆಕ್ಟರ್ ಕಂಪ್ಯೂಟರಿನಲ್ಲಿ ಫೋಟೋಗಳನ್ನು ಒಂದೊಂದಾಗಿ ನೋಡುತ್ತ ಹೋದರು. ಈಚಿನ ತಿಂಗಳುಗಳ ಎಲ್ಲದರಲ್ಲೂ ತೂತಿನಿಂದ ಎಡಗಡೆಗೆ ಕೂದಲೆಳೆಯಷ್ಟು ಸಣ್ಣ ಬಿರುಕು. ಮುಂದೆ ಇಟ್ಟ ನಂಬರಿನ ಚೀಟಿ ಬದಲಾಗಿತ್ತು, ಲೈಟು ಬದಲಾಗಿರಲಿಲ್ಲ. ತಿಂಗಳುಗಟ್ಟಲೆ ಒಂದೇ ಲೈಟಿನ ಫೋಟೋ ತೆಗೆದಿದ್ದರೂ ಯಾರೂ ಅದನ್ನು ಕಣ್ಣೆತ್ತಿ ನೋಡಿರಲಿಲ್ಲ.

"ತೂತು ಹಾಕೋನು ಯಾರು?"

"ಗುತ್ತಿಗೆದಾರನ ಕಡೆಯೋನು. ಎಲ್ಲಾ ತೂತಣ್ಣ ಅಂತಾರೆ. ಮೊದಲು ಇದೇ ಲೈಟು ಜೋಡಿಸೋ ಕಡೆ ಇದ್ದ. ಅದು ಮುಚ್ಚಿದ ಮೇಲೆ ಇಲ್ಲಿಗೆ ಬಂದ."

ತೂತಣ್ಣನಿಗೆ ಐವತ್ತರ ಮೇಲಾಗಿತ್ತು. ಕೈ ಒರೆಸಿಕೊಂಡು ಬಂದು ನಿಂತ. ಅಲ್ಲಗಳೆಯಲಿಲ್ಲ.

"ಎಷ್ಟಕ್ಕೆ ಮಾರಿದೆ?"

"ಮಾರಿಲ್ಲ ಸಾರ್. ಸುಮ್ನೆ ಕೊಟ್ಟೆ."

"ನನ್ನ ಕಿವಿಗೆ ಹೂವಿಡ್ತೀಯಾ?"

"ನಮ್ಮ ತಮ್ಮನ್ನ ಕೇಳಿ ಸಾರ್."

ತಮ್ಮನ ಟ್ಯಾಕ್ಸಿ ಅದೇ ಮಾಡೆಲ್ಲಿನದು. ಹೋದ ವರ್ಷ ಒಂದು ಲೈಟು ಒಡೆದಿತ್ತು. ಎರಡೂ ಲೈಟು ಇಲ್ಲದೆ ಫಿಟ್‌ನೆಸ್ ಸರ್ಟಿಫಿಕೇಟ್ ಸಿಗದು, ಅದಿಲ್ಲದೆ ಬಾಡಿಗೆ ಓಡಿಸುವಂತಿಲ್ಲ. ಊರೆಲ್ಲ ಜಾಲಾಡಿದರೂ ಲೈಟು ಸಿಗಲಿಲ್ಲ. ಗಾಡಿ ಟಾರ್ಪಾಲಿನ ಕೆಳಗೆ ಮಲಗಿತು, ಮನೆಯಲ್ಲಿ ಒಲೆ ಉರಿಯುವುದೇ ಕಷ್ಟವಾಯಿತು. ಅಣ್ಣ ಹಗಲೆಲ್ಲ ಅದೇ ಲೈಟುಗಳಿಗೆ ತೂತು ಹಾಕಿ ಸಂಜೆ ತಮ್ಮನ ಮುಖ ನೋಡಬೇಕಿತ್ತು. ಒಂದು ಕೊಡಿ ಎಂದು ಮ್ಯಾನೇಜರ ಮುಂದೆ ಕೈಮುಗಿದಿದ್ದ. ನಿಯಮ ಇಲ್ಲ ಎಂದಿದ್ದರು. ಕೊನೆಗೆ ಊಟದ ಚೀಲದಲ್ಲಿ ಒಂದನ್ನು ಮನೆಗೆ ತಂದ. ಸುದ್ದಿ ಸ್ಟ್ಯಾಂಡಿಗೆ ಹಬ್ಬಿತು. ಅಂಥದೇ ಗಾಡಿ ನಿಲ್ಲಿಸಿಕೊಂಡ ಡ್ರೈವರುಗಳು ಮನೆ ಬಾಗಿಲಿಗೆ ಬಂದರು.

"ತಮ್ಮನಿಗೊಂದು ಸಾಕಿತ್ತಲ್ಲ?"

"ಅವನಿಗೊಂದು ತೆಗೆದ್ಮೇಲೆ ಮಿಕ್ಕಿದ್ದಕ್ಕೆ ತೂತು ಹಾಕೋಕೆ ಕೈ ಬರಲಿಲ್ಲ ಸಾರ್. ಅವೆಲ್ಲ ನಾನೇ ಜೋಡಿಸಿದ್ದು."

ಗುರುವಾರ ಸಂಜೆ ನಾಲ್ಕಕ್ಕೆ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಪಂಚರ ಸಮಕ್ಷಮ ಜಪ್ತಿ ನಡೆಯಿತು. ಕಾನ್‌ಸ್ಟೆಬಲ್ ಸ್ಕ್ರೂಡ್ರೈವರ್ ಹಿಡಿದು ತಿಣುಕಾಡುವುದನ್ನು ನೋಡಲಾರದೆ ತೂತಣ್ಣನೇ ಮುಂದೆ ಬಂದ. ತಾನು ಕೊಟ್ಟದ್ದನ್ನು ತಾನೇ ಒಂದೊಂದಾಗಿ ಬಿಚ್ಚಿಕೊಟ್ಟ. ಕೊನೆಯದು ತಮ್ಮನ ಗಾಡಿ.

"ಅಣ್ಣಾ, ಇದೊಂದು ಬಿಟ್ಟುಬಿಡಿ ಅಂತ ಸಾಹೇಬ್ರಿಗೆ ಹೇಳೋ."

ತೂತಣ್ಣ ಇನ್‌ಸ್ಪೆಕ್ಟರ ಕಡೆ ತಿರುಗಿ ನೋಡಿದ. ಬಿಡು ಎಂಬ ಮಾತು ಅವರ ಬಾಯಿಗೆ ಬಂದಿತ್ತು. ಪಂಚರು ನೋಡುತ್ತಿದ್ದರು, ಮ್ಯಾನೇಜರೂ ನೋಡುತ್ತಿದ್ದರು.

"ತೆಗಿ," ಎಂದರು.

ಪಂಚನಾಮೆಗೆ ಸಹಿ ಬಿತ್ತು. ಐದೂವರೆಗೆ ತೂತಣ್ಣನ ಬಂಧನವಾಯಿತು. ಕಳವಿಗೆ ಕಾರಣ ಏನೆಂದು ಬರೆಯಲಿ ಎಂದು ದಫೇದಾರರು ಕೇಳಿದಾಗ ಇನ್‌ಸ್ಪೆಕ್ಟರ್ ದುರಾಸೆ ಅಂತ ಮಾತ್ರ ಬರೀಬೇಡಿ ಎಂದರು.

ಮುಂದಿನ ತಿಂಗಳು ನ್ಯಾಯಾಲಯ ಮಾಲನ್ನು ಅದರ ಮಾಲೀಕರಿಗೆ ಒಪ್ಪಿಸಲು ಆದೇಶಿಸಿತು. ಮಾಲೀಕರೆಂದರೆ ಕಾರ್ಖಾನೆ. ಇನ್‌ಸ್ಪೆಕ್ಟರ್, ದಫೇದಾರರು ಲೈಟುಗಳನ್ನು ಜೀಪಿಗೆ ತುಂಬಿಕೊಂಡು ಗೋದಾಮಿಗೆ ಹೋದರು. ಡ್ರಿಲ್ಲಿನ ಮುಂದೆ ಕೂತಿದ್ದವನು ತೂತಣ್ಣನ ತಮ್ಮ.

"ನೀನಿಲ್ಲಿ?"

"ಗಾಡಿ ಗುಜರಿಗೆ ಹಾಕ್ದೆ ಸಾರ್. ಗುತ್ತಿಗೆದಾರ ಯಾರಾದ್ರೂ ಸರಿ, ಕೈಯಿದ್ರೆ ಸಾಕು ಅಂದ. ಅತ್ತಿಗೆ, ಮಕ್ಕಳು ಎಲ್ಲಾ ಈಗ ನನ್ನ ಮೇಲೇ."

"ಅಣ್ಣನಿಗೆ ಜಾಮೀನು?"

"ನಿಲ್ಲೋರು ಯಾರೂ ಸಿಕ್ಕಿಲ್ಲ."

ದಫೇದಾರರು ಲೈಟುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಇನ್‌ಸ್ಪೆಕ್ಟರಿಗೆ ಬಾಯಿ ತಡೆಯಲಿಲ್ಲ.

"ನಿನ್ನ ಗಾಡೀದು ಯಾವುದು ಅಂತ ಗೊತ್ತಾಗುತ್ತಾ?"

"ಎಲ್ಲಾ ಒಂದೇ ಥರ ಇವೆ ಸಾರ್. ಗೊತ್ತಾಗದಿದ್ರೇ ವಾಸಿ."

ಅವನು ಮೊದಲನೆಯದನ್ನು ಎತ್ತಿ, ಅಂಗಿಯ ತುದಿಯಿಂದ ಧೂಳು ಒರೆಸಿ, ಡ್ರಿಲ್ಲಿನ ಕೆಳಗೆ ಇಟ್ಟ.

"ಸ್ವಲ್ಪ ಹಿಂದೆ ನಿಂತ್ಕೊಳ್ಳಿ ಸಾರ್," ಎಂದ. "ಚೂರು ಕಣ್ಣಿಗೆ ಹಾರುತ್ತೆ."