ಎರಡನೇ ಸಲ ಕೇಳಿದ್ದು

ಯಾವ ಮಾತನ್ನೇ ಆಗಲಿ ನಿನ್ನನ್ನು ಎರಡು ಸಲ ಕೇಳುತ್ತೇನೆ, ಎರಡನೇ ಸಲ ತಿರುವಿ ಕೇಳುತ್ತೇನೆ ಎಂದು ಮಾಲತೇಶ ತನುಜಾಳಿಗೆ ಮಾತು ಕೊಟ್ಟು ವರ್ಷಗಳೇ ಕಳೆದಿದ್ದವು.

ಅದು ಸವಣೂರಿನ ಅವನ ವೆಲ್ಡಿಂಗ್ ಅಂಗಡಿಯಲ್ಲಿ. ಹತ್ತಿಮತ್ತೂರಿನ ಮಹಾಲಿಂಗಪ್ಪ ಮಗಳ ಗಾಲಿಕುರ್ಚಿ ರಿಪೇರಿಗೆಂದು ತಂದಿದ್ದ, ಮಗಳ ಸಮೇತ. ಹುಟ್ಟಿನಿಂದಲೂ ತನುಜಾಳ ಕೈಕಾಲು ಅವಳ ಮಾತು ಕೇಳುವುದಿಲ್ಲ, ಬಾಯಿಂದ ಮಾತು ಹೊರಡುವುದಿಲ್ಲ. ಕಣ್ಣು ಮೇಲೆತ್ತಿದರೆ ಹೌದು. ಬಿಗಿಯಾಗಿ ಮುಚ್ಚಿದರೆ ಅಲ್ಲ. ಉಳಿದದ್ದಕ್ಕೆಲ್ಲ ತೊಡೆಯ ಮೇಲೊಂದು ಚಿತ್ರದ ಹಲಗೆ, ಅದರ ಮೇಲೆ ನಡುಗುತ್ತ ಹುಡುಕಾಡುವ ಎಡಗೈಯ ಒಂದು ಬೆರಳು.

ಕುರ್ಚಿಗೆ ಕೆಂಪು ಬಣ್ಣ ಬಡಿಯಲೇ ಎಂದು ಮಾಲತೇಶ ಕೇಳಿದ. ಕಣ್ಣು ಮೇಲೆ ಹೋಯಿತು. ಬಡಿದ. ಆಮೇಲೆ ಅವಳು ಅವನತ್ತ ಬೀರಿದ ನೋಟದ ಮುಂದೆ ವೆಲ್ಡಿಂಗ್ ಕಿಡಿಯೇ ತಂಪು ಎನಿಸಿತು. ಕುತ್ತಿಗೆ ದಣಿದರೆ ತನ್ನ ತಲೆ ಹಿಂದಕ್ಕೆ ವಾಲಿ ಕಣ್ಣು ತಾವಾಗಿಯೇ ಮೇಲೆ ಹೋಗುತ್ತವೆ, ಅದು ಉತ್ತರವಲ್ಲ ಎಂದು ಹಲಗೆಯ ಮೇಲೆ ಅವಳು ತಿಳಿಸುವ ಹೊತ್ತಿಗೆ ಅರ್ಧ ಮಧ್ಯಾಹ್ನ ಕಳೆದಿತ್ತು. ಬೇಕೇ ಎಂದು ಒಮ್ಮೆ, ಬೇಡವೇ ಎಂದು ಇನ್ನೊಮ್ಮೆ ಕೇಳುತ್ತೇನೆಂದು ಅವನು ಮಾತು ಕೊಟ್ಟದ್ದು ಆಗಲೇ. ಕುರ್ಚಿ ನೀಲಿಯಾಯಿತು. ಆಮೇಲೆ ಗಾಲಿಗೆ ಗ್ರೀಸ್ ಹಚ್ಚುವ ನೆಪದಲ್ಲಿ ಅವನು ಹತ್ತಿಮತ್ತೂರಿಗೆ ಬರುವುದು ತಪ್ಪಲಿಲ್ಲ. ಇಷ್ಟು ಗ್ರೀಸ್ ಕುಡಿದ ಗಾಲಿ ಜಿಲ್ಲೆಯಲ್ಲೇ ಇರಲಿಕ್ಕಿಲ್ಲ.

ಇವತ್ತು ಮಹಾಲಿಂಗಪ್ಪನ ಮನೆಯ ಪಡಸಾಲೆಯಲ್ಲಿ ಅವರಿಬ್ಬರ ಲಗ್ನದ ನಿಶ್ಚಯ. ಮಾಸೂರಿನಿಂದ ಬಂದ ಮಾಲತೇಶನ ಅವ್ವ, ಬೀಗರು, ನೆರೆಯವರು ಮುಂಜಾನೆಯಿಂದ ಕೂತಿದ್ದರು. ಲಗ್ನವಾದ ಮೇಲೆ ಸೊಸೆ ಮಾಸೂರಿನಲ್ಲಿ ತನ್ನ ಹತ್ತಿರ ಇರಲಿ, ಮಗ ಸವಣೂರಿನಿಂದ ವಾರಕ್ಕೊಮ್ಮೆ ಬಂದು ಹೋಗಲಿ ಎಂದು ಅವನ ಅವ್ವ ಹೇಳಿದಾಗ ಎಲ್ಲರೂ ತಲೆಯಾಡಿಸಿದ್ದರು. ಮಾಲತೇಶನೂ ಆಡಿಸಿದ್ದ. ಬಿಸಿಲೇರಿದ ಮೇಲೆ ಮಹಾಲಿಂಗಪ್ಪ ಮಗಳ ಮುಂದೆ ಬಾಗಿ, ಒಪ್ಪಿಗೆ ಇದೆಯಲ್ಲ ಎಂದು ಕೇಳಿದ. ತಲೆ ಹಿಂದಕ್ಕೆ ವಾಲಿತು. ಕಣ್ಣು ಮೇಲೆ ಹೋಯಿತು.

ಸಕ್ಕರೆ ಹಂಚಿದರು. ತನುಜಾಳ ತಾಯಿ ಸಿದ್ದವ್ವ ಮಗಳ ಕೆನ್ನೆ ಸವರಿ ಅತ್ತಳು.

ಮಾಲತೇಶನ ಅಂಗೈಯಲ್ಲಿ ಸಕ್ಕರೆ ಬೆವರಿಗೆ ಕರಗತೊಡಗಿತು. ಬಾಯಿಗೆ ಹಾಕಿಕೊಂಡರೆ ಮುಗಿಯಿತು. ಇಷ್ಟು ವರ್ಷ ಬೇಡಿದ್ದು ಕೈಗೆ ಬಂದಿದೆ. ಎದ್ದ, ಬಾಗಿಲ ತನಕ ಹೋದ, ತಿರುಗಿ ಬಂದ. ನಿಜವಾಗಿ ಹೌದೇ ಇರಬಹುದಲ್ಲ. ಕೇಳಿ, ಅಲ್ಲ ಎಂದುಬಿಟ್ಟರೆ?

"ಮಾವಾರ, ಇನ್ನೊಂದ ಸಲ ಕೇಳ್ತೇನ್ರಿ."

"ಹೌದಂದಾಳಲ್ಲಪಾ. ಎಲ್ಲಾರೂ ನೋಡ್ಯಾರ," ಎಂದ ಮಹಾಲಿಂಗಪ್ಪ.

"ನಾನೂ ನೋಡೇನ್ರಿ. ಕುತ್ತಿಗಿ ದಣದೈತಿ."

ತಲಿ ಕೆಟ್ಟೈತೇನು ನಿನಗ ಎಂದು ಅವನ ಅವ್ವ ಹಲ್ಲು ಕಚ್ಚಿದಳು. ಅವನು ಟವೆಲ್ ಮಡಚಿ ತನುಜಾಳ ತಲೆಯ ಹಿಂದೆ ಇಟ್ಟ, ಚಮಚದಲ್ಲಿ ನೀರು ಕುಡಿಸಿದ, ಅವಳ ಉಸಿರು ಹದಕ್ಕೆ ಬರುವ ತನಕ ಕಾದ. ಕೂತವರು ಕೆಮ್ಮಿದರು, ಗಡಿಯಾರ ನೋಡಿದರು.

"ತನುಜಾ, ನಾ ನಿನಗ ಬ್ಯಾಡಾಗಿದ್ರ ಮ್ಯಾಲ ನೋಡು."

ಅವಳು ಅವನನ್ನೇ ನೆಟ್ಟ ದೃಷ್ಟಿಯಿಂದ ನೋಡಿದಳು. ರೆಪ್ಪೆ ಅಲುಗಲಿಲ್ಲ. ಸಾಕಷ್ಟು ಸತಾಯಿಸಿ, ಕಣ್ಣು ಬಿಗಿಯಾಗಿ ಮುಚ್ಚಿದಳು. ಅಲ್ಲ.

ಅವನ ಉಸಿರು ಹೊರಬಿತ್ತು. "ಹಂಗಾರ ಲಗ್ನಕ್ಕ ಒಪ್ಪಿಗಿ?"

ಕಣ್ಣು ಮೇಲೂ ಹೋಗಲಿಲ್ಲ, ಮುಚ್ಚಲೂ ಇಲ್ಲ, ಹಲಗೆಗೆ ಇಳಿಯಿತು. ಬೆರಳು ಮೊದಲು ಕೋತಿಯ ಚಿತ್ರವನ್ನು ಮುಟ್ಟಿತು. ಹಲಗೆಯಲ್ಲಿ ಅವನ ಹೆಸರು ಅದೇ, ಆರಿಸಿದವಳು ಅವಳೇ. ಅದರ ಮುಂದೆ, ಬೇಕು. ಆಮೇಲೆ ಕೆರೆಯ ಚಿತ್ರ, ಎಂದರೆ ಮಾಸೂರು. ಅದರ ಮುಂದೆ, ಬೇಡ.

ಮಾಲತೇಶ ಅದನ್ನೂ ಎರಡು ರೀತಿ ಕೇಳಿದ. ಎರಡಕ್ಕೂ ಉತ್ತರ ಒಂದೇ. ಬೆರಳು ಕಣ್ಣಿನ ಚಿತ್ರಕ್ಕೆ ಹೋಗಿ, ಅವನ ಅವ್ವನತ್ತ ತಿರುಗಿತು. ಅಲ್ಲಿ ದಿನವೆಲ್ಲ ಈ ಕಣ್ಣು ಓದುವವರು ಯಾರು? ಅದನ್ನು ತಾನೇ ಮೊದಲು ಕೇಳಬೇಕಿತ್ತು ಎಂದು ಅವನಿಗೆ ಆಗ ಹೊಳೆಯಿತು. ಮತ್ತೆ ಕೋತಿ, ಮನೆ, ಇಲ್ಲಿ. ಪ್ರಶ್ನೆಯ ಗುರುತು.

"ಮನಿ ಅಳಿಯ ಆಗ್ತೀಯೇನು? ಮಂದಿ ನಗ್ತಾರ ನೋಡು," ಎಂದು ಅವನ ಅವ್ವ ಸೆರಗು ಸರಿಪಡಿಸಿಕೊಂಡು ಎದ್ದು ನಿಂತಳು.

"ನಗಲಿ. ಇಲ್ಲೇ ಇರ್ತೇನಿ," ಎಂದ ಮಾಲತೇಶ, ತನುಜಾಳಿಗೆ.

ಅವಳಿಗೆ ಸಮಾಧಾನವಾದಂತೆ ಕಾಣಲಿಲ್ಲ. ತುಟಿಯ ಅಂಚು ಒಂದು ಕಡೆ ಎಳೆದುಕೊಂಡಿತು. ಅದು ಅವಳ ನಗು. ಬೆರಳು ಇನ್ನೊಮ್ಮೆ ಹೊರಟಿತು. ಸಿದ್ದವ್ವ ಓದಿ, ಸೆರಗು ಬಾಯಿಗೆ ಒತ್ತಿಕೊಂಡಳು.

"ಇಲ್ಲಿ ಇರೂದು ಬ್ಯಾಡೇನು ಅಂತ ತಿರುವಿ ಕೇಳಾಕತ್ತಾಳಪಾ ನಿನಗ."

ಮಾಲತೇಶ ಕಣ್ಣು ಬಿಗಿಯಾಗಿ ಮುಚ್ಚಿದ.

ತೆರೆದಾಗ ಹೊಸ್ತಿಲ ಬಳಿ ಅವ್ವನ ಚಪ್ಪಲಿ ಇರಲಿಲ್ಲ. ತನುಜಾಳ ಬೆರಳು ಹಲಗೆ ಬಿಟ್ಟು, ನಡುಗುತ್ತ ಬಂದು, ಅವನ ಮಣಿಕಟ್ಟಿನ ಮೇಲೆ ಕೂತಿತ್ತು.

ಮಾಲತೇಶ ಕೊಟ್ಟ ಮಾತು ಉಳಿಸಿಕೊಂಡ.