ನೀರಿಗೆ ಬಂದ ನಾಯಿಕೆಮ್ಮು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ದೂರು ಹಿಡಿದು ಠಾಣೆಗೆ ಬಂದವನು ಬೀಗ ರಿಪೇರಿಯವನು. ಇನ್‌ಸ್ಪೆಕ್ಟರ್ ಕುರ್ಚಿಯಲ್ಲಿದ್ದ ಹೆಂಗಸನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟ.

"ನೀವಾ ಮೇಡಂ?"

ಅವಳಿಗೂ ಗುರುತು ಸಿಕ್ಕಿತು. ಇವನ ಹೆಂಡತಿ ಶಿಶುವಿಹಾರದ ಆಯಾ. ಇನ್‌ಸ್ಪೆಕ್ಟರ್ ಮಗನನ್ನೂ ಎತ್ತಿ ಆಡಿಸಿದವಳು. ಆಯಾಗೆ ನಾಯಿಕೆಮ್ಮು ಇದೆಯೆಂದು ಲ್ಯಾಬ್ ವರದಿ ಬಂದ ದಿನ ಗೇಟಿನ ಮುಂದೆ ತಾಯಂದಿರು ಗುಂಪು ಕಟ್ಟಿದ್ದರು. ಎಲ್ಲರಿಗಿಂತ ಜೋರಾಗಿ ಬಾಯಿ ಮಾಡಿದವಳು ಇದೇ ಇನ್‌ಸ್ಪೆಕ್ಟರ್.

"ಆ ಅವಮಾನಕ್ಕೆ ಶನಿವಾರ ನಿದ್ದೆ ಮಾತ್ರೆ ನುಂಗಿಬಿಟ್ಲು. ಹೇಗೋ ಉಳ್ಕೊಂಡ್ಲು," ಎಂದ ಗಂಡ. "ಸರ್ಕಾರಿ ಆಸ್ಪತ್ರೇಲಿ ಗಂಟಲು ಪರೀಕ್ಷೆ ಮಾಡಿದ್ರು. ಅವಳಿಗೆ ಯಾವ ರೋಗಾನೂ ಇಲ್ವಂತೆ. ಆ ಲ್ಯಾಬಿನ ಮೇಲೇ ನನ್ನ ದೂರು."

ಇನ್‌ಸ್ಪೆಕ್ಟರ್ ಮೇಲಧಿಕಾರಿಗೆ ಫೋನ್ ಮಾಡಿ, ಗೇಟಿನ ಹತ್ತಿರ ತಾನು ಆಡಿದ್ದನ್ನೂ ಬಿಡದೆ ಹೇಳಿದಳು. ಈ ಕೇಸು ಬೇರೆಯವರಿಗೆ ಕೊಡಿ ಸಾರ್ ಎಂದಳು.

"ಅಲ್ಲಿ ಇರೋದು ನೀವೊಬ್ರೇ. ಅದನ್ನೂ ಫೈಲಲ್ಲಿ ಬರೆದಿಟ್ಟು ತನಿಖೆ ಮಾಡಿ."

ಮಧ್ಯಾಹ್ನ ಎಫ್‌ಐಆರ್ ದಾಖಲಾಯಿತು.

ಆರೋಗ್ಯ ಇಲಾಖೆಯ ಡಾಕ್ಟರಮ್ಮ ವಿಷಯ ಬಿಡಿಸಿ ಹೇಳಿದರು. ಯಂತ್ರ ರೋಗಾಣುವಿನ ಡಿಎನ್‌ಎ ಹುಡುಕುತ್ತದೆ. ಪ್ರತಿ ಸಲವೂ ರೋಗಿಗಳ ಟ್ಯೂಬುಗಳ ಜೊತೆ ಬರೀ ಶುದ್ಧ ನೀರಿನದೊಂದು ಟ್ಯೂಬು ಇಡಬೇಕು. ಆ ನೀರಿಗೇ ರೋಗ ಬಂದರೆ ಲ್ಯಾಬಿನಲ್ಲೇ ಎಲ್ಲೋ ರೋಗಾಣುವಿನ ಡಿಎನ್‌ಎ ಬೆರೆತಿದೆ ಎಂದರ್ಥ, ಅವತ್ತಿನ ವರದಿಗಳೆಲ್ಲ ಕಸದ ಬುಟ್ಟಿಗೆ.

"ಹಾಗಾದ್ರೆ ನಾವೂ ನೀರೇ ಕಳಿಸೋಣ," ಎಂದ ಹೆಡ್ ಕಾನ್‌ಸ್ಟೆಬಲ್.

ಠಾಣೆಯ ನಾಲ್ಕು ಜನರ ಹೆಸರಲ್ಲಿ ನಾಲ್ಕು ಟ್ಯೂಬು ನೀರು ಅದೇ ಲ್ಯಾಬಿಗೆ ಹೋಯಿತು. ಬುಧವಾರ ಸಂಜೆ ಬಂದ ವರದಿಗಳಲ್ಲಿ ಮೂವರಿಗೆ ನಾಯಿಕೆಮ್ಮು.

"ನನಗೂ ಬಂದಿದೆ ಮೇಡಂ. ಮನೇಲಿ ತೋರಿಸಿದ್ರೆ ಒಂದು ವಾರ ಪಾತ್ರೆ ತೊಳೆಯೋದು ತಪ್ಪುತ್ತೆ," ಎಂದ ಹೆಡ್ ಕಾನ್‌ಸ್ಟೆಬಲ್. ಇನ್‌ಸ್ಪೆಕ್ಟರಿಗೆ ನಗು ಬರಲಿಲ್ಲ.

ಗುರುವಾರ ಇನ್‌ಸ್ಪೆಕ್ಟರ್ ಡಾಕ್ಟರಮ್ಮನನ್ನೂ ಸಾಕ್ಷಿಗೆ ಪಂಚರನ್ನೂ ಕರೆದುಕೊಂಡು ಲ್ಯಾಬಿಗೆ ಹೋದಳು. ಗುಣಮಟ್ಟದ ಹೊಣೆ ಹೊತ್ತಿದ್ದ ಹಿರಿಯರು ತಾವೇ ಕುರ್ಚಿ ಎಳೆದುಕೊಟ್ಟರು. ಊರಿನ ಅರ್ಧ ಲ್ಯಾಬುಗಳ ಹುಡುಗ ಹುಡುಗಿಯರಿಗೆ ಕೆಲಸ ಕಲಿಸಿದ್ದರಿಂದ ಅವರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು.

ಡಾಕ್ಟರಮ್ಮ ತಾವು ತಂದ ನೀರನ್ನು ಅಲ್ಲಿನ ಮೇಜಿನ ಮೇಲೇ ಟ್ಯೂಬಿಗೆ ತುಂಬಿಸಿ ಯಂತ್ರಕ್ಕೆ ಹಾಕಿದರು. ಎಲ್ಲರೂ ಕಾದರು. ಪರದೆಯ ಮೇಲೆ ಮಟ್ಟಸವಾಗಿ ಮಲಗಿರಬೇಕಿದ್ದ ಗೆರೆ ಮೆಲ್ಲಗೆ ಏರತೊಡಗಿತು. ಪಂಚನಾಮೆಯಲ್ಲಿ ಅದನ್ನು ಬರೆಸಿ, ಇನ್‌ಸ್ಪೆಕ್ಟರ್ ಟೆಕ್ನಿಷಿಯನ್ ಹುಡುಗಿಯ ಕಡೆ ತಿರುಗಿದಳು.

"ದಿನಾ ನೀರಿನ ಟ್ಯೂಬ್ ಹಾಕ್ತೀರಾ?"

"ಹಾಕ್ತೀವಿ. ಯಾವತ್ತೂ ಸರಿಯಾಗೇ ಬರುತ್ತೆ."

"ತುಂಬಿಸೋದು ಯಾರು?"

"ಮೇಷ್ಟ್ರು."

"ಇದೇ ಮೇಜಿನ ಮೇಲಾ?"

ಹುಡುಗಿ ತಡವರಿಸಿದಳು. "ಇಲ್ಲ. ಮಹಡಿ ಮೇಲೆ, ಅವರ ರೂಮಲ್ಲಿ. ಮುಚ್ಚಳ ಬಿಗಿದು ತರ್ತಾರೆ."

ಮೇಷ್ಟ್ರು ಕನ್ನಡಕ ತೆಗೆದರು.

"ಯಾವಾಗಿಂದ ಸಾರ್?" ಇನ್‌ಸ್ಪೆಕ್ಟರ್ ಅವರನ್ನೇ ಕೇಳಿದಳು.

"ಹೋದ ತಿಂಗಳಿಂದ. ಯಂತ್ರ ಸರಿಯಿದ್ಯಾ ನೋಡೋಕೆ ರೋಗಾಣುವಿನ ಡಿಎನ್‌ಎ ಇರೋ ಟ್ಯೂಬು ಇಟ್ಕೊಂಡಿರ್ತೀವಿ. ಅದನ್ನ ಈ ಮೇಜಿನ ಮೇಲೆ ತೆರೀಬೇಡಿ ಅಂತ ಇವರಿಗೆಲ್ಲ ಬಾಯಿಪಾಠ ಮಾಡಿಸಿದವನು ನಾನು. ಅವತ್ತು ಅವಸರಕ್ಕೆ ನಾನೇ ತೆರೆದೆ. ಕೈಜಾರಿ ಚೆಲ್ತು. ಒರೆಸಿದೆ. ಮಾರನೇ ದಿನ ನೀರಿಗೂ ರೋಗ ಬಂತು. ಅವತ್ತಿಂದ ನೀರಿನ ಟ್ಯೂಬನ್ನ ಮಹಡಿ ಮೇಲೇ ತುಂಬಿಸಿ ತರ್ತಿದ್ದೆ."

"ಆಗಲೇ ಹೇಳಬಹುದಿತ್ತಲ್ಲ?"

"ಹೇಳಿದ್ರೆ ಒಂದು ವಾರ ಮುಚ್ಚಿ ತೊಳೀತಿದ್ರು, ಅಷ್ಟೇ. ಆದ್ರೆ ಈ ಮಕ್ಕಳಿಗೆ ಹೇಗೆ ಮುಖ ತೋರಿಸೋದು ಅಂತ..."

"ಆಯಾ ಸುದ್ದಿ ಗೊತ್ತಾದ ಮೇಲೆ?"

"ಆಮೇಲಂತೂ ಬಾಯೇ ಬರಲಿಲ್ಲ."

ಜನರ ಜೀವಕ್ಕೆ ಅಪಾಯ ತಂದದ್ದಕ್ಕೆ, ಸುಳ್ಳು ವರದಿ ಕೊಟ್ಟದ್ದಕ್ಕೆ ಅವರನ್ನು ಬಂಧಿಸಲಾಯಿತು. ಹೊರಗೆ ಕರೆದೊಯ್ಯುವಾಗ ಲ್ಯಾಬಿನ ಹುಡುಗಿಯರು ರೂಢಿಯಂತೆ ಎದ್ದು ನಿಂತರು. ಮೇಷ್ಟ್ರು ತಲೆ ಎತ್ತಲಿಲ್ಲ. ದುಡ್ಡಿನ ಆಸೆಯಿರಲಿಲ್ಲ, ಯಾರ ಮೇಲೂ ಹಗೆಯಿರಲಿಲ್ಲ. ನಾಚಿಕೆಯಿಂದ ಹೀಗೆ ಮಾಡಿದ್ದಾರೆಂದು ಇನ್‌ಸ್ಪೆಕ್ಟರ್ ವರದಿಯಲ್ಲಿ ಬರೆದಳು.

ಸಂಜೆ ಆಸ್ಪತ್ರೆಗೆ ಹೋದಳು. ಆಯಾ ಅವಳನ್ನು ನೋಡಿದಳು. ಇನ್‌ಸ್ಪೆಕ್ಟರ್ ಮಂಚದ ಹತ್ತಿರ ಬಂದು, "ನಿಮಗೆ ಕಾಯಿಲೆ ಇರಲಿಲ್ಲ ಅಂತ ಗೊತ್ತಾಯ್ತು. ನಾನು ಅವತ್ತು..." ಎಂದಳು.

ಆಯಾ ಕಾಲು ಮಡಿಚಿ ಮಂಚದ ತುದಿಯಲ್ಲಿ ಜಾಗ ಬಿಟ್ಟಳು.

"ಪಾಪು ಮಧ್ಯಾಹ್ನ ಮಲಗ್ತಾನಾ ಮೇಡಂ? ಬೆನ್ನು ತಟ್ಟದಿದ್ರೆ ಅವನಿಗೆ ನಿದ್ದೆ ಬರಲ್ಲ."